ರಾಟರ್‌ಡ್ಯಾಮಿನ ಇಟ್ಟಿಗೆ ಗೋಡೆ

ಪ್ರೀತಿಯ ಅಪ್ಪನಿಗೆ, ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಚಳಿಯ ವಿಷಯ, ಊಟದ ವಿಷಯ ಎಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ. ಈ ಪತ್ರ ನಿಮಗೆ. ಒಂದು ಇಟ್ಟಿಗೆ ಕೆಲಸದ ಬಗ್ಗೆ ನಿಧಾನವಾಗಿ ಹೇಳಬೇಕಿತ್ತು.

ಇಲ್ಲಿನ ರೈಲ್ವೆ ಸ್ಟೇಷನ್ ಹತ್ತಿರ ವೇನಾ ಅನ್ನುವ ದೊಡ್ಡ ರಸ್ತೆ ಇದೆ. ಅಲ್ಲಿ ಒಂದು ಎತ್ತರದ ಆಫೀಸು ಕಟ್ಟಡಕ್ಕೆ ಅಂಟಿಕೊಂಡ ಹಾಗೆ ಇಟ್ಟಿಗೆಯ ಉಬ್ಬುಶಿಲ್ಪವೊಂದಿದೆ. ಎತ್ತರ ಸುಮಾರು 28 ಅಡಿ, ಅಗಲ 60 ಅಡಿಗಿಂತ ಜಾಸ್ತಿ. ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ 1955ರಲ್ಲಿ ಮಾಡಿಕೊಟ್ಟಿದ್ದು. ಅವರು ಹೆಸರು ಮಾಡಿದ್ದು ಕಲ್ಲು, ಮರ, ಕಂಚಿನಲ್ಲಿ. ಆದರೆ ಇದು ಹಾಲೆಂಡ್, ಇಲ್ಲಿ ಕಲ್ಲು ಕಡಿಮೆ. ನದಿಯ ಜೇಡಿಮಣ್ಣು ಸುಟ್ಟು ಊರಿಗೆ ಊರನ್ನೇ ಕಟ್ಟಿದ ಜನ.

ಮೂರ್ ಪ್ಲಾಸ್ಟರಿನಲ್ಲಿ ಚಿಕ್ಕ ಚಿಕ್ಕ ಮಾದರಿಗಳನ್ನು ಮಾಡಿದರು. ಗೋಡೆ ಎಬ್ಬಿಸಿದ್ದು ಇಲ್ಲಿನ ಗಾರೆಯವರು. ಸುಮಾರು 16,000 ಇಟ್ಟಿಗೆ! ಗೋಡೆ ಕಟ್ಟಿ ಆಮೇಲೆ ಉಳಿಯಿಂದ ಕೆತ್ತಿದ್ದಾರೆ ಅಂದುಕೊಳ್ಳಬೇಡಿ. ಯಾವ ಇಟ್ಟಿಗೆ ಎಷ್ಟು ಮುಂದೆ ಬರಬೇಕು, ಯಾವುದು ಒಳಗೆ ಸರಿಯಬೇಕು ಅನ್ನುವುದನ್ನು ವರಸೆ ಇಡುವಾಗಲೇ ನೋಡಿಕೊಳ್ಳಬೇಕು. ನಡುವೆ ದುಂಡಗಿನ ದೊಡ್ಡ ಆಕಾರಗಳಿವೆ, ಮೂಳೆಯ ಗಂಟುಗಳ ಹಾಗೆ ಉಬ್ಬಿಕೊಂಡಿವೆ. ಮೇಲೆ, ಕೆಳಗೆ, ಪಕ್ಕದಲ್ಲಿ ಸಾಲು ಸಾಲಾಗಿ ನೇರ ಗೆರೆಗಳ ಚಿತ್ತಾರ. ನೇರ ಗೆರೆ ಬಿಡಿ, ದಾರ ಕಟ್ಟಿದರೆ ಆಯಿತು. ಆದರೆ ಆ ದುಂಡು ಭಾಗ? ಇಟ್ಟಿಗೆ ಹುಟ್ಟುವುದೇ ಚೌಕವಾಗಿ ಅಲ್ವಾ. ಅದರಿಂದ ಬಾಗು ತೆಗೆದವರ ಕೈ ಎಂಥದ್ದಿರಬೇಕು!

ಬಿಸಿಲು ಓರೆಯಾಗಿ ಬಿದ್ದಾಗ ನೋಡಬೇಕು. ಮುಂದೆ ಬಂದ ಒಂದೊಂದು ಇಟ್ಟಿಗೆಯೂ ಪಕ್ಕದ್ದರ ಮೇಲೆ ನೆರಳು ಹಾಕುತ್ತದೆ. ಮೋಡ ಕವಿದರೆ ಅರ್ಧ ಚಿತ್ರ ಮಾಯ. ಬಣ್ಣ ಒಂದೇ, ಬರೀ ಇಟ್ಟಿಗೆಯ ಕೆಂಪು. ಚಿತ್ರ ಬರೆಯುವುದೆಲ್ಲ ನೆರಳೇ.

ಇದನ್ನು ಮಾಡಿಸಿದ ಸಂಸ್ಥೆಯ ಹೆಸರು ಬೌಸೆಂಟ್ರುಮ್. 1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬು ಹಾಕಿ ಈ ಊರಿನ ನಡುಭಾಗವನ್ನು ಸುಟ್ಟುಹಾಕಿದ್ದವು. ಮತ್ತೆ ಊರು ಕಟ್ಟುವ ಕಾಲದಲ್ಲಿ ಕಟ್ಟಡದ ಸಾಮಾನು, ಕಟ್ಟುವ ವಿಧಾನ ಇವನ್ನೆಲ್ಲ ಜನರಿಗೆ ತೋರಿಸಲು ಅಂತ ಶುರುವಾದ ಜಾಗ ಅದು. ವಾಸ್ತುಶಿಲ್ಪಿ ಬೋಕ್ಸ್ ಅದನ್ನು ವಿಸ್ತರಿಸುವಾಗ ಈ ಗೋಡೆಯೂ ಬಂತು. ಅಂಥ ಜಾಗಕ್ಕೆ ಇಟ್ಟಿಗೆಯ ಶಿಲ್ಪಕ್ಕಿಂತ ಒಪ್ಪುವಂಥದ್ದು ಬೇರೇನಿದೆ? ಗೋಡೆ ಇದ್ದ ಆ ಹಳೆಯ ಭಾಗ ಈಗಿಲ್ಲ. ಆದರೆ ಗೋಡೆಯನ್ನು ಕಾಪಾಡಿ ಹೊಸ ಕಟ್ಟಡದ ಜೊತೆ ಸೇರಿಸಿಕೊಂಡಿದ್ದಾರೆ. ಒಳ್ಳೆಯ ಕೆಲಸ ಮಾಡಿದರು.

ಅಪ್ಪ, ನೀವು ಇಷ್ಟು ವರ್ಷ ಕಟ್ಟಿದ ಇಟ್ಟಿಗೆಯ ಮೇಲೆಲ್ಲ ಸಿಮೆಂಟು ಬಳಿದು, ಬಣ್ಣ ಹೊಡೆದರು. ನಿಮ್ಮ ವರಸೆ ಎಷ್ಟು ನೇರ ಇತ್ತು ಅಂತ ಆ ಮನೆಯವರಿಗೂ ಗೊತ್ತಿಲ್ಲ. ಇಲ್ಲಿ ಸಂದು ಸಂದೂ ಕಾಣುತ್ತದೆ. ಇದಕ್ಕೆ ಹೆನ್ರಿ ಮೂರ್ ಗೋಡೆ ಅಂತಾರೆ, ಸರಿಯೇ. ಆದರೆ ನನಗೆ ಇದು ಗಾರೆಯವರ ಗೋಡೆಯೂ ಹೌದು.

ಫೋಟೋಗಳನ್ನು ತಂಗಿಯ ಫೋನಿಗೆ ಕಳಿಸಿದ್ದೇನೆ. ದೊಡ್ಡದು ಮಾಡಿ ತೋರಿಸು ಅಂತ ಅವಳಿಗೆ ಹೇಳಿ. ದುಂಡು ಆಕಾರದ ಕೆಳಭಾಗ ನೋಡಿ, ಅಲ್ಲಿ ಒಂದೊಂದು ವರಸೆಯೂ ಕೆಳಗಿನದಕ್ಕಿಂತ ಸ್ವಲ್ಪ ಮುಂದೆ ಬಂದಿದೆ. ಗಾರೆ ಹಸಿ ಇರುವಾಗ ಅದು ಬೀಳದ ಹಾಗೆ ಹೇಗೆ ನಿಲ್ಲಿಸಿರಬಹುದು? ಹಿಂದೆ ಭಾರ ಕೊಟ್ಟರೆ ಸಾಕೇ, ಕೆಳಗೆ ಹಲಗೆಯ ಆಧಾರ ಬೇಕೇ? ನೋಡಿ ಹೇಳಿ.

ನಿಮ್ಮ ಮಗ