ಬೆತ್ ಗೆದ್ದ ಮೇಲೆ ಎಲ್ಲಿಗೆ ಹೋದಳು, ಅದನ್ನೂ ನೋಡಿ

ಮಾನ್ಯ ಸಂಪಾದಕರೇ,

‘ದಿ ಕ್ವೀನ್ಸ್ ಗ್ಯಾಂಬಿಟ್’ ಅನ್ನುವ ಚೆಸ್ ಸೀರೀಸ್‌ನ ಕೊನೆ ಸರಿಯೋ ತಪ್ಪೋ ಅಂತ ನಿಮ್ಮ ವಾಚಕರ ಅಂಕಣದಲ್ಲಿ ಕೆಲವು ದಿನಗಳಿಂದ ದೊಡ್ಡ ಚರ್ಚೆಯೇ ನಡೆದಿದೆ. ಕಥಾನಾಯಕಿ ಬೆತ್ ಹಾರ್ಮನ್ ಕೊನೆಯ ಆಟ ಗೆಲ್ಲಬಾರದಿತ್ತು ಅನ್ನುವವರು ಒಂದು ಕಡೆ, ಗೆದ್ದಿದ್ದೇ ಸರಿ ಅನ್ನುವವರು ಇನ್ನೊಂದು ಕಡೆ. ಗೆಳೆಯರು ಫೋನಿನಲ್ಲಿ ಹೇಳಿಕೊಟ್ಟಿದ್ದು ಮೋಸ ಅಂತ ಒಬ್ಬರು ಖಾರವಾಗಿಯೇ ಬರೆದಿದ್ದಾರೆ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲೇ ಮಕ್ಕಳಿಗೆ ಚೆಸ್ ಹೇಳಿಕೊಡುವವಳು. ಮಕ್ಕಳನ್ನು ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರೂ ಬಾಗಿಲಲ್ಲಿ ನಿಂತು ಇದನ್ನೇ ಮಾತಾಡುತ್ತಾರೆ. ನನ್ನ ತಕರಾರು ಎರಡೂ ಕಡೆಯವರ ಮೇಲಿದೆ. ಎದುರಾಳಿ ಬೋರ್ಗೋವ್ ಸೋಲೊಪ್ಪಿ ತನ್ನ ರಾಜನನ್ನು ಎತ್ತಿ ಬೆತ್ ಕೈಗಿಟ್ಟಾಗಲೇ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದಾದ ಮೇಲೆ ಇನ್ನೂ ಒಂದು ದೃಶ್ಯ ಇದೆ. ಅದರ ಬಗ್ಗೆ ಒಬ್ಬರೂ ಬರೆದಿಲ್ಲ.

ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2020ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 7 ಕಂತುಗಳ ಕಥೆ ಇದು. ವಾಲ್ಟರ್ ಟೆವಿಸ್ 1983ರಲ್ಲಿ ಬರೆದ ಕಾದಂಬರಿ ಇದಕ್ಕೆ ಮೂಲ. ಅಮೆರಿಕದ ಅನಾಥಾಶ್ರಮವೊಂದರ ನೆಲಮಾಳಿಗೆಯಲ್ಲಿ, ಕಸ ಗುಡಿಸುವ ಶೈಬಲ್ ಅನ್ನುವವರ ಹತ್ತಿರ ಚೆಸ್ ಕಲಿತ ಹುಡುಗಿ, 1968ರಲ್ಲಿ ಮಾಸ್ಕೋಗೆ ಹೋಗಿ ವಿಶ್ವ ಚಾಂಪಿಯನ್ ಬೋರ್ಗೋವ್‌ನನ್ನು ಸೋಲಿಸುತ್ತಾಳೆ. ನಡುವೆ ಮಾತ್ರೆಯ ಚಟ, ಕುಡಿತ, ಸಾಕುತಾಯಿಯ ಸಾವು, ಒಂಟಿತನ. ಇದು ಚಿಕ್ಕ ಮಕ್ಕಳಿಗೆ ತೋರಿಸುವ ಕಥೆ ಅಲ್ಲ, ಚೆಸ್ ಇದೆ ಅಂತ 8 ವರ್ಷದ ಮಗುವಿನ ಮುಂದೆ ಹಾಕಬೇಡಿ.

ಸೋಲಬೇಕಿತ್ತು ಅನ್ನುವವರ ವಾದ ಏನೆಂದರೆ, ಗೆಲುವು ಸಿನಿಮಾದ ಥರ ಆಯಿತು, ಜೀವನ ಹಾಗಿರಲ್ಲ ಅಂತ. “ಆಂಟಿ, ಸೋತಿದ್ರೆ ಮನಸ್ಸಲ್ಲಿ ಉಳೀತಿತ್ತು” ಅಂತ ನಮ್ಮ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನೂ ಅಂದ. ಅಲ್ಲಪ್ಪಾ, ಅವಳು ಸೋತಿಲ್ವಾ? ಮೆಕ್ಸಿಕೋದಲ್ಲಿ ಇದೇ ಬೋರ್ಗೋವ್ ಹತ್ತಿರ ಸೋತಳು. ಪ್ಯಾರಿಸ್‌ನಲ್ಲಿ ರಾತ್ರಿ ಕುಡಿದು, ಬೆಳಿಗ್ಗೆ ತಡವಾಗಿ ಓಡಿ ಬಂದು, ನೀರಿನ ಮೇಲೆ ನೀರು ಕುಡಿಯುತ್ತಾ ಇನ್ನೊಮ್ಮೆ ಸೋತಳು. ಒಬ್ಬನ ಹತ್ತಿರ ಎಷ್ಟು ಸಲ ಸೋತರೆ ಒಂದು ಗೆಲುವು ನಂಬುವ ಹಾಗಾಗುತ್ತದೆ? ಕಥೆ ಬಿಡಿ, ನಿಜವನ್ನೇ ನೋಡಿ. ನಮ್ಮ ದೇಶದ ಗುಕೇಶ್ 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ, 18ನೇ ವಯಸ್ಸಿಗೆ, 14ನೇ ಆಟದಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಅವರ 55ನೇ ನಡೆ ತಪ್ಪಿದ್ದರಿಂದ ವಿಶ್ವ ಚಾಂಪಿಯನ್ ಆದರು. ಆ ಒಂದು ಆನೆಯ ನಡೆ ಇಲ್ಲದಿದ್ದರೆ ಆಟ ಡ್ರಾ ಕಡೆಗೆ ಹೋಗುತ್ತಿತ್ತು. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ನಾವು ನಂಬುತ್ತಿದ್ದೆವಾ? ಚೆಸ್‌ನಲ್ಲಿ ನಂಬಲಾಗದ ಕೊನೆಗಳು ನಿಜವಾಗಿಯೇ ಆಗುತ್ತವೆ.

ಆದರೆ ಒಂದು ಮಾತು ಒಪ್ಪುತ್ತೇನೆ. ಚಟ ಬಿಟ್ಟ ರೀತಿ ತುಂಬಾ ಸುಲಭವಾಯಿತು. ಹಳೆಯ ಗೆಳತಿ ಜೋಲಿನ್ ಬಂದಳು, ಶೈಬಲ್ ಅಂತ್ಯಕ್ರಿಯೆಗೆ ಹೋದರು, ನೆಲಮಾಳಿಗೆಯ ಗೋಡೆ ತುಂಬ ಆ ಮನುಷ್ಯ ಅಂಟಿಸಿಟ್ಟಿದ್ದ ಬೆತ್‌ಳ ಪತ್ರಿಕೆ ಸುದ್ದಿಗಳನ್ನು ನೋಡಿ ಇವಳು ಅತ್ತಳು, ಅಲ್ಲಿಂದ ಎಲ್ಲ ಸರಿಹೋಯಿತು. ಮನೆಯಲ್ಲಿ ಕುಡಿಯುವವರನ್ನು ಕಂಡವರಿಗೆ ಗೊತ್ತು, ಅದು ಹಾಗೆ ಒಂದು ಮಧ್ಯಾಹ್ನದಲ್ಲಿ ಬಿಟ್ಟುಹೋಗಲ್ಲ.

ಇನ್ನು ಫೋನಿನ ವಿಷಯ. ಮೋಸ ಅಂದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಗಿನ ಕಾಲದಲ್ಲಿ ದೊಡ್ಡ ಆಟ ಒಂದೇ ದಿನಕ್ಕೆ ಮುಗಿಯಲೇಬೇಕು ಅಂತ ಇರಲಿಲ್ಲ. ಕೆಲವು ಗಂಟೆ ಆಡಿದ ಮೇಲೂ ಮುಗಿಯದಿದ್ದರೆ, ಯಾರ ಸರದಿಯೋ ಅವರು ತಮ್ಮ ಮುಂದಿನ ನಡೆಯನ್ನು ಬೋರ್ಡ್ ಮೇಲೆ ಆಡದೆ ಚೀಟಿಯಲ್ಲಿ ಬರೆದು, ಕವರಿಗೆ ಹಾಕಿ ಅಂಟಿಸಿ, ತೀರ್ಪುಗಾರರ ಕೈಗೆ ಕೊಡಬೇಕಿತ್ತು. ಮರುದಿನ ಕವರು ಒಡೆದು, ಆ ನಡೆ ಆಡಿ, ಅಲ್ಲಿಂದ ಮುಂದುವರಿಸುತ್ತಿದ್ದರು. ನಡುವಿನ ರಾತ್ರಿ ಇಬ್ಬರೂ ತಮ್ಮ ಕಡೆಯವರನ್ನು ಕೂರಿಸಿಕೊಂಡು ಅದೇ ಸ್ಥಿತಿಯನ್ನು ಅರೆದು ನೋಡುತ್ತಿದ್ದರು. ಅದಕ್ಕೆ ನಿಯಮದ ತಡೆ ಇರಲಿಲ್ಲ. ಸೋವಿಯತ್ ಆಟಗಾರರು ಇದನ್ನು ತಂಡವಾಗಿ ಮಾಡುತ್ತಾರೆ, ನಾವು ಅಮೆರಿಕದವರು ಒಬ್ಬೊಬ್ಬರೇ ಒದ್ದಾಡುತ್ತೇವೆ ಅನ್ನುವ ಮಾತು ಸೀರೀಸ್‌ನಲ್ಲೇ ಬರುತ್ತದೆ. ಬೋರ್ಗೋವ್‌ಗೆ ಇಡೀ ದೇಶ ಜೊತೆಗಿದೆ, ಬೆತ್‌ಗೆ ಅವತ್ತು ಬಂದಿದ್ದು ನ್ಯೂಯಾರ್ಕ್‌ನಿಂದ ಒಂದು ಫೋನ್. ಅದೂ ಅವಳ ಹತ್ತಿರ ಸೋತ ಹುಡುಗರೇ ಸೇರಿ ಮಾಡಿದ ಫೋನ್! ಕಂಪ್ಯೂಟರ್‌ಗಳು ಬಲವಾದ ಮೇಲೆ, 1990ರ ದಶಕದಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ಅದಕ್ಕೇ ಈಗಿನ ಹುಡುಗರಿಗೆ ಇದು ಮೋಸದ ಹಾಗೆ ಕಾಣುತ್ತದೆ.

ಫೋನಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಲೇಬೇಕು. 1972ರಲ್ಲಿ ಐಸ್‌ಲ್ಯಾಂಡಿನಲ್ಲಿ ಅಮೆರಿಕದ ಫಿಷರ್ ಮತ್ತು ಸೋವಿಯತ್‌ನ ಸ್ಪಾಸ್ಕಿ ನಡುವಿನ ವಿಶ್ವ ಚಾಂಪಿಯನ್ ಪಂದ್ಯ ಮುಗಿದಿದ್ದೇ ಫೋನಿನಲ್ಲಿ. 21ನೇ ಆಟ ಹೀಗೆಯೇ ಮುಗಿಯದೆ ಮರುದಿನಕ್ಕೆ ಹೋಗಿತ್ತು. ಮರುದಿನ, ಸೆಪ್ಟೆಂಬರ್ 1ರಂದು, ಸ್ಪಾಸ್ಕಿ ಬೋರ್ಡ್ ಹತ್ತಿರ ಬರಲೇ ಇಲ್ಲ, ಫೋನ್ ಮಾಡಿ ಸೋಲೊಪ್ಪಿಕೊಂಡರು. ಹಾಗಾಗಿ ಆ ಕಾಲದ ಚೆಸ್‌ನಲ್ಲಿ ಫೋನ್ ಬಂತು ಅಂದರೆ ಅದರಲ್ಲಿ ಅತಿಶಯ ಏನೂ ಇಲ್ಲ.

ಆಮೇಲೆ ಇನ್ನೊಂದು ಸಂಗತಿ ಗಮನಿಸಿ. ಗೆಳೆಯರು ಹೇಳಿಕೊಟ್ಟ ದಾರಿ ಸ್ವಲ್ಪ ದೂರ ಮಾತ್ರ ಸಾಗುತ್ತದೆ. ಅವರು ಯೋಚಿಸದ ನಡೆಯೊಂದನ್ನು ಬೋರ್ಗೋವ್ ಆಡುತ್ತಾನೆ. ಅಲ್ಲಿಂದ ಮುಂದೆ ಬೆತ್ ಒಬ್ಬಳೇ. ಚಿಕ್ಕಂದಿನಿಂದ ಮಾತ್ರೆ ನುಂಗಿ ಚಾವಣಿಯ ಮೇಲೆ ಚೆಸ್ ಕಾಯಿಗಳನ್ನು ಕಲ್ಪಿಸಿಕೊಳ್ಳುತ್ತಿದ್ದವಳು ಈಗ ತಲೆ ಎತ್ತಿ ಚಾವಣಿ ನೋಡುತ್ತಾಳೆ, ಮಾತ್ರೆ ಇಲ್ಲದೆಯೇ ಕಾಯಿಗಳು ಅಲ್ಲಿ ಓಡಾಡುತ್ತವೆ. ಬೋರ್ಗೋವ್ ಡ್ರಾ ಕೇಳುತ್ತಾನೆ, ಇವಳು ಬೇಡ ಅನ್ನುತ್ತಾಳೆ. ವಿಶ್ವ ಚಾಂಪಿಯನ್ ಎದುರಿಗೆ ಮಾಸ್ಕೋದಲ್ಲಿ ಕೂತ ಹುಡುಗಿಗೆ ಡ್ರಾ ಅಂದರೂ ದೊಡ್ಡ ಮರ್ಯಾದೆಯೇ. ಬೇಡ ಅನ್ನಲು ಬೋರ್ಡ್ ಮೇಲೆ ತನಗೆ ಕಂಡಿದ್ದನ್ನು ನಂಬಬೇಕು. ನಾನು ಮಕ್ಕಳಿಗೆ ಕಲಿಸಲು ಅತಿ ಕಷ್ಟಪಡುವುದು ಇದನ್ನೇ. ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಅಂಕ, ಜಾಸ್ತಿ ಇರುವವರು ಎದುರಿಗೆ ಕೈ ಚಾಚಿದ ತಕ್ಷಣ ನಮ್ಮ ಮಕ್ಕಳು, ಗೆಲ್ಲುವ ಸ್ಥಿತಿಯಲ್ಲಿದ್ದರೂ, ಖುಷಿಯಿಂದ ಡ್ರಾ ಮಾಡಿಕೊಂಡು ಎದ್ದು ಬರುತ್ತಾರೆ. ಅದರಲ್ಲೂ ಹುಡುಗಿಯರು.

ಆ ಕೊನೆಯ ಆಟ ಹುಟ್ಟಿದ್ದೂ ನಿಜವಾದ ಆಟದಿಂದಲೇ. 1993ರಲ್ಲಿ ಸ್ವಿಟ್ಜರ್‌ಲೆಂಡಿನ ಬೀಲ್‌ನಲ್ಲಿ ಇವಾಂಚುಕ್ ಮತ್ತು ಪ್ಯಾಟ್ರಿಕ್ ವುಲ್ಫ್ ಅನ್ನುವ ಆಟಗಾರರು ಆಡಿದ ಆಟ ಅದು. ಅಲ್ಲಿ ಡ್ರಾ ಆಗಿತ್ತು. ಸೀರೀಸ್‌ಗೆ ಸಲಹೆಗಾರರಾಗಿದ್ದ ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅದನ್ನು ಹೆಕ್ಕಿ, ನಡುವಿನಿಂದ ದಾರಿ ಬದಲಿಸಿ ಬೆತ್‌ಗೆ ಗೆಲುವು ಹುಡುಕಿಕೊಟ್ಟರು. ಇದೇ ಕ್ಯಾಸ್ಪರೋವ್ 2002ರಲ್ಲಿ ಮಾಸ್ಕೋದಲ್ಲೇ ಹಂಗೇರಿಯ ಆಟಗಾರ್ತಿ ಜೂಡಿತ್ ಪೋಲ್ಗಾರ್ ಅವರ ಎದುರು, ಕಡಿಮೆ ಸಮಯದಲ್ಲಿ ಆಡಿ ಮುಗಿಸುವ ಒಂದು ರ‍್ಯಾಪಿಡ್ ಆಟ ಸೋತಿದ್ದರು. ಆ ಜೂಡಿತ್ ಈ ಸೀರೀಸ್ ನೋಡಿ, ಗಂಡಸರು ಬೆತ್ ಜೊತೆ ತೀರಾ ಒಳ್ಳೆಯವರಾಗಿ ನಡೆದುಕೊಂಡಿದ್ದಾರೆ ಅಂದರು. ಈ ಟೀಕೆ ಮಾತ್ರ ನನಗೆ ನೂರಕ್ಕೆ ನೂರು ಸರಿ ಅನ್ನಿಸುತ್ತದೆ. ಕೊನೆಯಲ್ಲಿ ಬೋರ್ಗೋವ್ ಅವಳನ್ನು ಅಪ್ಪಿಕೊಂಡು ಅಭಿನಂದಿಸುತ್ತಾನಲ್ಲ, ಅಷ್ಟು ದೊಡ್ಡ ಮನಸ್ಸು ಎಲ್ಲ ಬೋರ್ಡ್‌ಗಳ ಎದುರೂ ಸಿಗಲ್ಲ. ಹುಡುಗಿಯ ಹತ್ತಿರ ಸೋತ ಮೇಲೆ ಕೈ ಕುಲುಕದೆ ಎದ್ದುಹೋದ ದೊಡ್ಡವರನ್ನು ನಾನೇ ಕಂಡಿದ್ದೇನೆ.

ಕೊನೆಯ ಕಂತಿನಲ್ಲಿ ನಿಜವಾದ ತಪ್ಪು ಬೇರೆ ಇದೆ, ಅದರ ಬಗ್ಗೆ ನಿಮ್ಮ ಓದುಗರು ಯಾಕೆ ಜಗಳ ಆಡಲಿಲ್ಲವೋ. ಮಾಸ್ಕೋ ಪಂದ್ಯದ ವೀಕ್ಷಕ ವಿವರಣೆಯಲ್ಲಿ ನೋನಾ ಗ್ಯಾಪ್ರಿಂದಾಶ್ವಿಲಿ ಅವರ ಹೆಸರು ಬರುತ್ತದೆ. ಮಹಿಳಾ ವಿಶ್ವ ಚಾಂಪಿಯನ್, ಆದರೆ ಗಂಡಸರ ಜೊತೆ ಆಡಿಯೇ ಇಲ್ಲ ಅನ್ನುವ ಅರ್ಥದ ಮಾತು. ಇದು ಶುದ್ಧ ಸುಳ್ಳು. ಜಾರ್ಜಿಯಾದ ಈ ತಾಯಿ 1962ರಿಂದ 1978ರವರೆಗೆ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದವರು. ಕಥೆ ನಡೆಯುವ 1968ರ ಹೊತ್ತಿಗೆ ಕನಿಷ್ಠ 59 ಗಂಡಸರ ಜೊತೆ ಆಡಿದ್ದರು, ಅವರಲ್ಲಿ 28 ಜನರ ಜೊತೆ ಒಂದೇ ಹೊತ್ತಿಗೆ. 1978ರಲ್ಲಿ, ಚೆಸ್ ಆಟಗಾರರಿಗೆ ಸಿಗುವ ಅತಿ ದೊಡ್ಡ ಬಿರುದಾದ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಪಡೆದ ಮೊದಲ ಹೆಣ್ಣುಮಗಳು ಅವರೇ. ಮೂಲ ಕಾದಂಬರಿಯಲ್ಲಿ, ಈಕೆ ಆ ರಷ್ಯನ್ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಎಷ್ಟೋ ಸಲ ಎದುರಿಸಿದವಳು ಅಂತಲೇ ಇದೆ. ಸೀರೀಸ್ ಮಾಡಿದವರು ಅದನ್ನು ಉಲ್ಟಾ ಮಾಡಿದರು. ಇಲ್ಲದ ಹುಡುಗಿಯೊಬ್ಬಳನ್ನು ಎತ್ತರಕ್ಕೆ ನಿಲ್ಲಿಸಲು ಇರುವ ಹೆಂಗಸಿನ ಇಡೀ ಜೀವನವನ್ನು ಅಳಿಸಿದರು. ನೋನಾ ಅವರು 2021ರಲ್ಲಿ, 80ನೇ ವಯಸ್ಸಿನಲ್ಲಿ, ಅಮೆರಿಕದ ಕೋರ್ಟಿನಲ್ಲಿ ನೆಟ್‌ಫ್ಲಿಕ್ಸ್ ಮೇಲೆ 50 ಲಕ್ಷ ಡಾಲರ್‌ಗೆ ಕೇಸು ಹಾಕಿದರು. ಮರುವರ್ಷ ರಾಜಿಯಾಯಿತು. ನನಗೆ ಆ ಮಾತು ಬಂದಾಗಲೆಲ್ಲ ಸಿಟ್ಟು ಬರುತ್ತದೆ. ಗೆಲುವು ಸಿನಿಮೀಯವಾಯಿತು ಅಂತ ಬರೆಯುವ ಬದಲು ಇದರ ಬಗ್ಗೆ ಬರೆಯಿರಿ.

ಈಗ ಯಾರೂ ಬರೆಯದ ಆ ದೃಶ್ಯ. ಬೆತ್ ಗೆದ್ದಿದ್ದಾಳೆ. ಅಮೆರಿಕ ಸರ್ಕಾರದ ಮನುಷ್ಯ ಅವಳನ್ನು ಕಾರಿನಲ್ಲಿ ಏರ್‌ಪೋರ್ಟಿಗೆ ಕರೆದೊಯ್ಯುತ್ತಿದ್ದಾನೆ, ವೈಟ್‌ಹೌಸ್‌ಗೆ ಕರೆದಿದ್ದಾರೆ ಅನ್ನುತ್ತಾನೆ. ಅವಳು ಕಾರು ನಿಲ್ಲಿಸಿ ಇಳಿದುಬಿಡುತ್ತಾಳೆ. ಬಿಳಿ ಕೋಟು, ಬಿಳಿ ಟೋಪಿ ಹಾಕಿಕೊಂಡು, ಮಾಸ್ಕೋದ ವಯಸ್ಸಾದವರು ಸಾಲಾಗಿ ಕೂತು ಚೆಸ್ ಆಡುವ ಪಾರ್ಕಿಗೆ ನಡೆದು ಹೋಗುತ್ತಾಳೆ. ಅವರು ಗುರುತು ಹಿಡಿದು ಮುತ್ತಿಕೊಳ್ಳುತ್ತಾರೆ. ಒಬ್ಬ ಅಜ್ಜನ ಎದುರು ಕೂತು, ಆಡೋಣ ಅಂತ ರಷ್ಯನ್ ಭಾಷೆಯಲ್ಲಿ ಹೇಳುತ್ತಾಳೆ. ಅಲ್ಲಿಗೆ ಮುಗಿಯಿತು. ಅವಳಿಗೆ ಮೊದಲು ಚೆಸ್ ಕಲಿಸಿದ್ದೂ ಒಬ್ಬ ವಯಸ್ಸಾದ ಮನುಷ್ಯ, ಹುಡುಗಿಯರು ಚೆಸ್ ಆಡಲ್ಲ ಅಂತ ಮೊದಲು ಗದರಿದ್ದೂ ಅವರೇ. ಗೆಲುವಿನ ನಂತರ ಅವಳಿಗೆ ಬೇಕಾಗಿದ್ದು ಅಧ್ಯಕ್ಷರ ಜೊತೆ ಫೋಟೋ ಅಲ್ಲ, ಇನ್ನೊಂದು ಆಟ. ಗುಕೇಶ್ ಕೂಡ ವಿಶ್ವ ಚಾಂಪಿಯನ್ ಆದ ಕೂಡಲೇ ಕಣ್ಣೀರು ಒರೆಸುತ್ತಲೇ ಎಲ್ಲ ಕಾಯಿಗಳನ್ನೂ ವಾಪಸ್ ಅವುಗಳ ಮನೆಗೆ ಜೋಡಿಸಿಟ್ಟರು, ನೆನಪಿದೆಯಾ?

ಈ ದೃಶ್ಯ ಬೇಕಾಗಿರಲಿಲ್ಲ ಅನ್ನುವವರಿಗೆ ಒಂದು ಪ್ರಶ್ನೆ. ನಮ್ಮ ಊರಿನಲ್ಲಿ ಒಬ್ಬ ಹುಡುಗಿ ಹೀಗೆ ಪಾರ್ಕಿಗೆ ಹೋಗಿ ಗಂಡಸರ ನಡುವೆ ಕೂತು ಒಂದು ಆಟ ಆಡಬಹುದಾ? ಸಂಜೆ ಕುಂದವಾಡ ಕೆರೆ ಕಡೆ ಹೋಗಿ ನೋಡಿ, ಹೆಂಗಸರು ವಾಕಿಂಗ್ ಮಾಡುತ್ತಾರೆ, ನಡೆಯುತ್ತಲೇ ಇರುತ್ತಾರೆ. ಬಡಾವಣೆಯ ಪಾರ್ಕಿನಲ್ಲಿ ಎಲ್ಲಾದರೂ ಚೆಸ್ ಬೋರ್ಡೋ ಕೇರಂ ಬೋರ್ಡೋ ಇದ್ದರೆ ಅದರ ಸುತ್ತ ಇರುವವರು ಗಂಡಸರೇ. ನನ್ನ ಹತ್ತಿರ 4ನೇ ಕ್ಲಾಸಿನಲ್ಲಿ ಹುಡುಗಿಯರೇ ಜಾಸ್ತಿ, ಹುಡುಗರಿಗಿಂತ ಚೆನ್ನಾಗಿಯೇ ಆಡುತ್ತಾರೆ. 8ನೇ ಕ್ಲಾಸಿಗೆ ಬರುವಷ್ಟರಲ್ಲಿ ಒಬ್ಬೊಬ್ಬರೇ ಬಿಡುತ್ತಾರೆ. ಟ್ಯೂಷನ್, ಎಸ್ಸೆಸ್ಸೆಲ್ಸಿ ಅಂತ ಕಾರಣ ಹೇಳುತ್ತಾರೆ, ಆದರೆ ಅವೆರಡೂ ಹುಡುಗರಿಗೂ ಇವೆ. ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಟೂರ್ನಮೆಂಟಿಗೆ ಹೋಗಬೇಕು ಅಂದರೆ ಹುಡುಗ ಗೆಳೆಯರ ಜೊತೆ ಬೆಳಗಿನ ಬಸ್ಸು ಹತ್ತುತ್ತಾನೆ. ಹುಡುಗಿಗೆ ಅಮ್ಮ ರಜೆ ಹಾಕಬೇಕು, ಅಥವಾ ಅಪ್ಪ ಅಂಗಡಿ ಮುಚ್ಚಬೇಕು. ಹೋದ ಮೇಲೂ ಕಷ್ಟ ತಪ್ಪಲ್ಲ. ಒಂದು ಕಡೆ ದಿನವಿಡೀ ಆಟ ಇಟ್ಟು ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದ್ದರು, ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿ ಕೇಳಿ ನಮ್ಮ ಮಗುವಿನ ಆಟದ ಗಡಿಯಾರದ ಸಮಯವೆಲ್ಲ ಓಡಿಹೋಯಿತು.

2025ರ ಜುಲೈನಲ್ಲಿ ನಾಗಪುರದ ದಿವ್ಯಾ ದೇಶಮುಖ್, ಜಾರ್ಜಿಯಾದ ಬಟುಮಿಯಲ್ಲಿ, ಅಂದರೆ ಆ ನೋನಾ ಅವರ ದೇಶದಲ್ಲೇ, ಆಂಧ್ರದ ಕೊನೇರು ಹಂಪಿ ಅವರನ್ನು, ಅಂಕ ಸಮವಾದ್ದರಿಂದ ಆಡಿಸಿದ ಟೈಬ್ರೇಕ್‌ನಲ್ಲಿ ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದರು. 19ರ ಹುಡುಗಿ, 38ರ ಹಂಪಿ. ಆ ಗೆಲುವಿನಿಂದ ದಿವ್ಯಾ ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಆ 88 ಜನರಲ್ಲಿ ಹೆಣ್ಣುಮಕ್ಕಳು 4. ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ. ಒಬ್ಬರೂ ಕರ್ನಾಟಕದವರಲ್ಲ. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಆಟದಲ್ಲಿ ಹಿಂದಿದ್ದೇವೆ ಅಂತ ನಾನು ಅಳುತ್ತಿಲ್ಲ. ಕೂತು ಆಡಲು ಜಾಗ ಇದ್ದರೆ ಆಟ ತಾನೇ ಬರುತ್ತದೆ ಅನ್ನುವುದು ನನ್ನ ಮಾತು.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಮಹಾನಗರ ಪಾಲಿಕೆಗೆ ಒಂದು ಮನವಿ. ಬಡಾವಣೆಯ ಪಾರ್ಕುಗಳಲ್ಲಿ ಮಕ್ಕಳು ಆಡುವ ಜಾರುಬಂಡೆಯ ಹತ್ತಿರ, ಬೆಳಕು ಚೆನ್ನಾಗಿರುವ ಕಡೆ, ಅರವತ್ತನಾಲ್ಕು ಮನೆ ಕೊರೆದ ಎರಡೆರಡು ಕಲ್ಲಿನ ಮೇಜು ಹಾಕಿಸಿ. ಮೂಲೆಯಲ್ಲಿ ಹಾಕಿದರೆ ಇಸ್ಪೀಟಿನವರ ಪಾಲಾಗುತ್ತದೆ. ಕಾಯಿಗಳನ್ನು ನಾವೇ ತರುತ್ತೇವೆ. ವಾರಕ್ಕೊಮ್ಮೆ ಭಾನುವಾರ ಸಂಜೆ ಬಂದು ಕಲಿಸಲು ನಾನು ತಯಾರಿದ್ದೇನೆ, ದುಡ್ಡು ಬೇಡ. ಸದ್ಯ ಪಾರ್ಕಿನಲ್ಲಿ ಆಡುತ್ತಿರುವ ಹಿರಿಯರಿಗೂ ಒಂದು ಮಾತು: ಮೊಮ್ಮಗನ ಜೊತೆ ಮೊಮ್ಮಗಳನ್ನೂ ಕರೆದುಕೊಂಡು ಬನ್ನಿ, ಅವಳನ್ನು ಪಕ್ಕದಲ್ಲಿ ನಿಲ್ಲಿಸಬೇಡಿ, ಎದುರಿಗೆ ಕೂರಿಸಿ. ಸೋತರೆ ಕೈ ಕುಲುಕಿ.

– ಚೆಸ್ ಕಲಿಸುವ ಒಬ್ಬ ಗೃಹಿಣಿ, ವಿದ್ಯಾನಗರ, ದಾವಣಗೆರೆ