ಮಸಾಕೊ ಅಜ್ಜಿಗೆ, ದನಿ ಕಳಕೊಂಡಿದ್ದ ಮೇಡಂ ಕಡೆಯಿಂದ

ನಿನ್ನೆ ಮೂರನೇ ಕ್ಲಾಸಿನ ಮಕ್ಕಳಿಗೆ ಏಳರ ಮಗ್ಗಿ ಹೇಳಿಸಿದೆ. ನನ್ನದೇ ದನಿಯಲ್ಲಿ. ಆರು ವಾರದ ಮೇಲೆ.

ಗಂಟಲಲ್ಲಿ ಗಂಟಾಗಿದೆ, ಮಾತಾಡಬೇಡಿ, ಪಿಸುಗುಟ್ಟಲೂ ಬೇಡಿ ಅಂದಿದ್ದರು ಡಾಕ್ಟರು. ಹದಿನೆಂಟು ವರ್ಷ ಮಕ್ಕಳ ಗಲಾಟೆ ಮೇಲೆ ಕಿರುಚಿದ್ದರ ಫಲ. ಮನೆಯಲ್ಲಿ ಸ್ಲೇಟೇ ಗತಿ. 'ಸಾರಿಗೆ ಉಪ್ಪು ಕಮ್ಮಿ' ಅಂತ ಬರೆಯುವಷ್ಟರಲ್ಲಿ ಎಲ್ಲರೂ ಮಜ್ಜಿಗೆಗೆ ಬಂದಿರುತ್ತಿದ್ದರು.

ಸುಮ್ನೆ ಕೂತಿದ್ದವಳಿಗೆ ಮಗ ಡ್ರ್ಯಾಗನ್ ಬಾಲ್ ಅನ್ನುವ ಜಪಾನಿನ ಕಾರ್ಟೂನು ಹಾಕಿ ತೋರಿಸಿದ. ಜಪಾನಿ ಭಾಷೆಯಲ್ಲೇ. ಅದರ ಹೀರೋ ಗೋಕು. ಹಿಂದಿಯಲ್ಲಿ ಕೇಳಿದ್ದ ಗೋಕುದು ಗಂಡಸಿನ ದನಿ. ಇದು ಬೇರೆ. "ಇದು ಒಬ್ಬರು ಅಜ್ಜಿ ಕಣಮ್ಮ" ಅಂದ. ಮಸಾಕೊ ನೊಜಾವಾ, ಹುಟ್ಟಿದ್ದು 1936ರಲ್ಲಿ. ಗೋಕುವಿನ ದನಿ ಆಗಿದ್ದು 1986ರಿಂದ. ಗೋಕುವಿನ ಮಕ್ಕಳು ಗೋಹಾನ್, ಗೋಟೆನ್, ಅಪ್ಪ ಬಾರ್ಡಾಕ್, ಎಲ್ಲ ಅವರೇ! ಒಂದು ಮನೆಯ ಜಗಳವನ್ನು ಒಬ್ಬರೇ ಆಡಿದ ಹಾಗೆ. 2024ರಲ್ಲಿ ಡ್ರ್ಯಾಗನ್ ಬಾಲ್‌ನ ಹೊಸ ಸರಣಿ ಡೈಮಾ ಬಂದಾಗ ಅವರಿಗೆ 88 ತುಂಬಿತು. ಆಗಲೂ ಗೋಕು ಹೊಡೆದಾಟದಲ್ಲಿ ಕೂಗುವ ಅದೇ "ಕಾ-ಮೇ-ಹಾ-ಮೇ-ಹಾ".

ನಿಜ ಹೇಳ್ತೀನಿ, ಮೊದಲು ಬಂದಿದ್ದು ಹೊಟ್ಟೆಕಿಚ್ಚು. ನನಗೆ ನಲವತ್ತೈದಕ್ಕೇ ಗಂಟಲು ಕೈಕೊಟ್ಟಿದೆ, ಅಲ್ವಾ?

ಆಮೇಲೆ ಅವರ ಬಗ್ಗೆ ಓದುತ್ತಾ ಹೋದೆ. ಅವರು ಶುರು ಮಾಡಿದ ಕಾಲಕ್ಕೆ ಜಪಾನಿನ ಟಿವಿಯಲ್ಲಿ ವಿದೇಶಿ ಧಾರಾವಾಹಿಗಳ ಡಬ್ಬಿಂಗ್ ನೇರಪ್ರಸಾರವಂತೆ. ತಪ್ಪಿದರೆ ತಿದ್ದುವ ಹಾಗಿಲ್ಲ. ರಾತ್ರಿ ಹೊತ್ತು ಚಿಕ್ಕ ಹುಡುಗರನ್ನು ಕೂರಿಸಿಕೊಂಡು ಮಾಡುವುದು ಕಷ್ಟ. ಹಾಗಾಗಿ ಹುಡುಗರ ದನಿಗೆ ಹೆಂಗಸರನ್ನು ಕರೆದರು. ಮಸಾಕೊ ಆ ದಾರಿಯಲ್ಲಿ ಬಂದವರು. 1968ರಲ್ಲಿ ಒಂದು ಕಾರ್ಟೂನಿನಲ್ಲಿ ಕಿತಾರೊ ಅನ್ನುವ ದೆವ್ವದ ಹುಡುಗನಿಗೆ ದನಿ ಕೊಟ್ಟರು. ಐವತ್ತು ವರ್ಷ ಕಳೆದು, 2018ರ ಸರಣಿಯಲ್ಲಿ ಅದೇ ಕಿತಾರೊನ ಅಪ್ಪನಾದರು. ಅಪ್ಪ ಅಂದರೆ ಬರೀ ಒಂದು ಕಣ್ಣುಗುಡ್ಡೆ, ಅದಕ್ಕೆ ಪುಟ್ಟ ಮೈ. ಮಗನ ಪಾತ್ರ ಮಾಡಿದವರು ಅಪ್ಪನಾಗುವವರೆಗೂ ದನಿ ಉಳಿಸಿಕೊಂಡಿದ್ದಾರೆ. ಇದು ನನಗೆ ಗೋಕುವಿಗಿಂತ ಜಾಸ್ತಿ ಹಿಡಿಸಿತು.

ಈಗ ಥ್ಯಾಂಕ್ಸ್ ಹೇಳುವುದು ಬಾಕಿ. ನನ್ನ ಪೀರಿಯಡ್ಡುಗಳನ್ನೂ ಎಳೆದುಕೊಂಡು ಹೋದ ನಾಲ್ಕನೇ ಕ್ಲಾಸಿನ ಮೇಡಂಗೆ. ಹೊಟ್ಟೆಯಿಂದ ಉಸಿರೆಳೆಯುವುದನ್ನು ಮಗುವಿಗೆ ಹೇಳಿಕೊಟ್ಟ ಹಾಗೆ ಕಲಿಸಿದ ಥೆರಪಿಸ್ಟ್ ಹುಡುಗಿಗೆ. ರಿಮೋಟು ಬಿಟ್ಟುಕೊಟ್ಟ ಮಗನಿಗೆ. ಮಸಾಕೊ ಅಜ್ಜಿ, ನಿಮಗೆ. ಕನ್ನಡದಲ್ಲಿ ಬರೆದಿದ್ದು ನಿಮಗೆ ಮುಟ್ಟುವುದಿಲ್ಲ, ಗೊತ್ತು. ಆದರೂ ಬರೆಯದೆ ಇರಲಾಗಲಿಲ್ಲ.

ಮಗ್ಗಿ ಮುಗಿದ ಮೇಲೆ ಮುಂದಿನ ಬೆಂಚಿನ ಪೋರಿ ಎದ್ದು ನಿಂತಳು. "ಮೇಡಂ, ನಿಮ್ಮ ದನಿ ಹುಡುಗನ ಥರ ಆಗಿದೆ."

ಖುಷಿಯಾಗಿ ಇನ್ನೊಂದು ಸಲ ಏಳರ ಮಗ್ಗಿ ಹೇಳಿಸಿದೆ.