ನಂಬಿಕೆಗೂ ವರ್ಗವಿದೆ

ಮಾನ್ಯ ಸಂಪಾದಕರೇ,

ಬಡವರಿಗೆ ದೇವರ ಮೇಲೆ ನಂಬಿಕೆ ಜಾಸ್ತಿ, ಅದಕ್ಕೇ ಧರ್ಮದ ಹೆಸರು ಹೇಳಿದವರಿಗೆ ಸುಮ್ನೆ ವೋಟು ಹಾಕಿಬಿಡುತ್ತಾರೆ ಎಂದು ಓದಿದವರು ಬರೆಯುವುದನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಉಳ್ಳವರ ನಂಬಿಕೆ ಮಾತ್ರ ಸ್ವಂತ ಬುದ್ಧಿಯಿಂದ ಹುಟ್ಟಿದ್ದೇ? ಅದೂ ಅವರು ನಿಂತ ಜಾಗದಿಂದಲೇ ಬಂದದ್ದು, ಅಲ್ವಾ?

1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದರು. ಕ್ರಿಸ್ತ ಎಲ್ಲರಿಗಾಗಿ ರಕ್ತ ಸುರಿಸಿದ ಮೇಲೆ ನಾವು ಯಾರ ಜೀತದಾಳೂ ಅಲ್ಲ ಎಂದು ಬೈಬಲ್ ಹಿಡಿದೇ ವಾದ ಮಾಡಿದರು. ಪೋಪರನ್ನೇ ಎದುರು ಹಾಕಿಕೊಂಡಿದ್ದ ಮಾರ್ಟಿನ್ ಲೂಥರ್ ಆಗ ರಾಜರ ಕಡೆ ನಿಂತು, ದಂಗೆಕೋರರನ್ನು ಬಗ್ಗುಬಡಿಯಿರಿ ಎಂದು ಬರೆದರು. ಅವರೂ ಬೈಬಲನ್ನೇ ತೋರಿಸಿದರು. ಇನ್ನು 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚಾಯಿತು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರೇಲಿನ ಜನ ಬಿಡುಗಡೆಯಾಗುವ ಕತೆಯನ್ನೇ ಅದರಿಂದ ತೆಗೆದಿದ್ದರು, ಆಳುಗಳು ಯಜಮಾನನ ಮಾತು ಕೇಳಬೇಕು ಎಂಬ ಮಾತು ಮಾತ್ರ ಹಾಗೇ ಉಳಿದಿತ್ತು! ಯಾರ ಕಿವಿಗೆ ಯಾವ ಮಾತು ಬಿದ್ದರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಚೆನ್ನಾಗಿರುವವನಿಗೆ ಚೆನ್ನಾಗಿರುವುದಷ್ಟೇ ಸಾಲದು, ಅದಕ್ಕೆ ತಾನು ಯೋಗ್ಯ ಎಂದೂ ಅನಿಸಬೇಕು, ಅದನ್ನು ಧರ್ಮ ಒದಗಿಸಿಕೊಡುತ್ತದೆ ಎಂದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೇಳಿದ್ದರು. ನನಗೆ ಇದು ನೂರಕ್ಕೆ ನೂರು ನಿಜ ಅನಿಸುತ್ತದೆ. ನಾನು ದುಡಿದೆ, ದೇವರು ಕೊಟ್ಟ ಎಂದು ನಂಬಿದವನಿಗೆ ಮುಂದಿನ ಮಾತು ತಾನಾಗಿಯೇ ಬರುತ್ತದೆ: ನನ್ನ ತೆರಿಗೆ ಹಣ ಕೆಲಸ ಮಾಡದವರಿಗೆ ಯಾಕೆ ಕೊಡಬೇಕು? ಇದನ್ನು ಯಾರೂ ಕುರುಡು ನಂಬಿಕೆ ಅನ್ನುವುದಿಲ್ಲ, ಆರ್ಥಿಕ ನೀತಿ ಅನ್ನುತ್ತಾರೆ.

ಕೆಲಸ ಕಳೆದುಕೊಂಡವನ ಕತೆಯೇ ಬೇರೆ. ಕಾಯಿಲೆ ಬಿದ್ದಾಗ, ಮನೆಯಲ್ಲಿ ಸಾವಾದಾಗ ಎಷ್ಟೋ ಸಲ ಮೊದಲು ಬರುವವರು ಜೊತೆಗೆ ಪ್ರಾರ್ಥನೆ ಮಾಡುವವರೇ, ಸರ್ಕಾರವಲ್ಲ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ, ಒಬ್ಬ ಮನುಷ್ಯ ಎಂದು ಕಾಣುತ್ತಾರೆ. ಆ ಗುಂಪು ಯಾವ ಪಕ್ಷದ ಕಡೆ ವಾಲುತ್ತದೋ ಅವನೂ ಆ ಕಡೆ ವಾಲಿದರೆ ಅದು ದಡ್ಡತನ ಹೇಗಾಗುತ್ತದೆ?

ಹಾಗಂತ ವರ್ಗವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದಲ್ಲ. 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಸೇರಿದ್ದ ಲ್ಯಾಟಿನ್ ಅಮೆರಿಕದ ಬಿಷಪ್ಪರು ಬಡತನವನ್ನು ಹಣೆಬರಹ ಎನ್ನದೆ ಅನ್ಯಾಯ ಎಂದೇ ಕರೆದರು. ಅವರೇನೂ ಹಸಿದವರಾಗಿರಲಿಲ್ಲ.

ಚುನಾವಣೆ ಬಂದರೆ ಪತ್ರಕರ್ತರು ಬಡವರ ಕೇರಿಗೆ ಹೋಗಿ, ಧರ್ಮ ನೋಡಿ ವೋಟು ಹಾಕುತ್ತೀರಾ ಎಂದು ಕೇಳುತ್ತಾರೆ. ಮುಂದಿನ ಸಲ ನಿಮ್ಮ ವರದಿಗಾರರು ಅದೇ ಪ್ರಶ್ನೆಯನ್ನು ಬಂಗಲೆಗಳಲ್ಲೂ ಕೇಳಲಿ, ಬಂದ ಉತ್ತರವನ್ನು ಮುಖಪುಟದಲ್ಲೇ ಹಾಕಿ.

ಇತಿ,
ನಿಮ್ಮ ಓದುಗ